‘ಏತ್?’ ಅಂತ ಕೇಳುವ ಮಕ್ಕಳು: ಶಾಲೆಯಲ್ಲಿ ಹಸಿರು ಲೆಕ್ಕದ ತಂಡ ಕಟ್ಟುವುದು ಹೇಗೆ?

ಪ್ರತಿ ಜೂನ್ 5ಕ್ಕೆ ನಮ್ಮ ಕರಾವಳಿಯ ಶಾಲೆಗಳಲ್ಲಿ ಗಿಡ ನೆಡುತ್ತೇವೆ. ಒಂದೆರಡು ಮಳೆ ಬಿದ್ದು ಮಣ್ಣು ಮೆತ್ತಗಾಗಿರುತ್ತದೆ, ಗುಂಡಿ ತೆಗೆಯುವುದು ಸುಲಭ. ಫೋಟೋ ತೆಗೆದು, ಮಿಠಾಯಿ ಹಂಚಿ ಒಳಗೆ ಬರುತ್ತೇವೆ. ಉಡುಪಿ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನೂ ವರ್ಷಗಟ್ಟಲೆ ಇದನ್ನೇ ಮಾಡಿದೆ. ಒಂದು ಮಾರ್ಚ್ ತಿಂಗಳಲ್ಲಿ ಎಂಟನೇ ತರಗತಿಯ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: "ಟೀಚರ್, ನಾವು ನೆಟ್ಟದ್ದರಲ್ಲಿ ಎಷ್ಟು ಬದುಕಿದೆ?" ನನಗೆ ಗೊತ್ತಿರಲಿಲ್ಲ. ಇಬ್ಬರೂ ಬಿಸಿಲಲ್ಲಿ ಹೋಗಿ ಎಣಿಸಿದೆವು. ನಲವತ್ತರಲ್ಲಿ ಆರು.

ಆ ಹುಡುಗಿಯ ಅಮ್ಮ ಮೀನು ಮಾರುವವರು. ಮನೆಯಲ್ಲಿ ದಿನಾ ಬೆಳಿಗ್ಗೆ ಕೇಳಿಸುವ ಮಾತೇ ತುಳುವಿನ ‘ಏತ್?’ ಅಂದರೆ, ‘ಎಷ್ಟು?’ ಬುಟ್ಟಿಗೆ ಎಷ್ಟು, ಐಸಿಗೆ ಎಷ್ಟು, ರಿಕ್ಷಾಕ್ಕೆ ಎಷ್ಟು, ಉಳಿದದ್ದು ಎಷ್ಟು. ಪರಿಸರದ ಪಾಠದಲ್ಲಿ ನಾವು ಬಿಟ್ಟುಬಿಟ್ಟಿದ್ದ ಪ್ರಶ್ನೆ ಅದೇ. ಮಣ್ಣು, ನೀರು, ಗಾಳಿ ಕೆಡದ ಹಾಗೆ ಜನ ದುಡಿದು ಉಣ್ಣುವ ವ್ಯವಸ್ಥೆಯನ್ನೇ ಹಸಿರು ಆರ್ಥಿಕತೆ ಅನ್ನುತ್ತಾರೆ. ಅದನ್ನು ಮುಂದೆ ನಡೆಸಬೇಕಾದವರಿಗೆ ಘೋಷಣೆಗಿಂತ ಲೆಕ್ಕ ಗೊತ್ತಿರಬೇಕು. ಆ ಲೆಕ್ಕ ಹಿಡಿದುಕೊಂಡು ದೊಡ್ಡವರ ಎದುರು ನಿಂತು ಮಾತಾಡುವ ಧೈರ್ಯವೂ ಬೇಕು. ಭಾರತ 2070ಕ್ಕೆ ನಿವ್ವಳ ಶೂನ್ಯ ಹೊಗೆಯ, ಅಂದರೆ ಗಾಳಿಗೆ ಬಿಟ್ಟಷ್ಟನ್ನು ವಾಪಸ್ ಹೀರಿಸುವ, ಗುರಿ ಇಟ್ಟುಕೊಂಡಿದೆ. ಇವತ್ತು 14 ವರ್ಷದ ಮಗುವಿಗೆ ಆಗ ಹತ್ತಿರ ಹತ್ತಿರ 60. ಅಂದರೆ ನಡುವಿನ ಅಷ್ಟೂ ನಿರ್ಧಾರ ಅವರದ್ದೇ.

ನಮ್ಮ ಶಾಲೆಯಲ್ಲಿ ಮಾಡಿ, ಎಡವಿ, ತಿದ್ದಿಕೊಂಡ ಕ್ರಮ ಇಲ್ಲಿದೆ. ಶಿಕ್ಷಕರಿಗೆ, ಶಾಲಾಭಿವೃದ್ಧಿ ಸಮಿತಿಯ (ಎಸ್.ಡಿ.ಎಂ.ಸಿ.) ಸದಸ್ಯರಿಗೆ, ಮನೆಯಲ್ಲೇ ಮಕ್ಕಳಿಗೆ ಇದನ್ನು ಕಲಿಸಬೇಕು ಅನ್ನುವ ಅಪ್ಪ ಅಮ್ಮಂದಿರಿಗೆ ಬರೆಯುತ್ತಿದ್ದೇನೆ.

1. ತಂಡಕ್ಕೆ ಯಾರು?

12ರಿಂದ 15 ಮಕ್ಕಳು ಸಾಕು. ಬರೀ ರ‍್ಯಾಂಕ್ ಬರುವವರನ್ನು ಆರಿಸಬೇಡಿ. ಮೊದಲ ವರ್ಷ ನಾನು ಮಾಡಿದ ತಪ್ಪು ಇದು. ಅವರು ವರದಿ ಚೆನ್ನಾಗಿ ಬರೆದರು, ಆದರೆ ಗುಜರಿ ಅಂಗಡಿಯವರ ಹತ್ತಿರ ಹೋಗಿ ಮಾತಾಡಲು ಒಬ್ಬರೂ ಮುಂದೆ ಬರಲಿಲ್ಲ. ಮೀನುಗಾರರ ಮನೆಯ ಮಗು, ಅಂಗಡಿಯವರ ಮಗು, ಮಲ್ಲಿಗೆ ಕಟ್ಟುವವರ ಮಗು, ಹೊರಗಿನಿಂದ ಕೆಲಸಕ್ಕೆ ಬಂದವರ ಮಗು ಎಲ್ಲರೂ ಇರಲಿ. ಚಿತ್ರ ಬಿಡಿಸುವ ಒಬ್ಬರು, ಸುಮ್ನೆ ಪ್ರಶ್ನೆ ಕೇಳುತ್ತಾ ಇರುವ ಒಬ್ಬರು ಬೇಕೇ ಬೇಕು. ಎಂಟನೇ ಮತ್ತು ಒಂಬತ್ತನೇ ತರಗತಿಯಿಂದ ತೆಗೆದುಕೊಳ್ಳಿ. ಹತ್ತನೆಯವರಿಗೆ ಪರೀಕ್ಷೆಯ ಒತ್ತಡ ಇರುತ್ತದೆ.

ಹಲವು ಶಾಲೆಗಳಲ್ಲಿ ಇಕೋ ಕ್ಲಬ್ ಹೆಸರಿಗಾದರೂ ಇದೆ. ಹೊಸ ಸಂಘ ಕಟ್ಟಬೇಡಿ, ಅದನ್ನೇ ಬಳಸಿಕೊಳ್ಳಿ. ಮುಖ್ಯ ಶಿಕ್ಷಕರ ಒಪ್ಪಿಗೆ ಸುಲಭವಾಗಿ ಸಿಗುತ್ತದೆ.

2. ಮೊದಲ ಎರಡು ತಿಂಗಳು ಬರೀ ಅಳತೆ

ಪೋಸ್ಟರ್ ಬೇಡ, ಜಾಥಾ ಬೇಡ. ಒಂದು ಉದ್ದ ನೋಟ್ ಪುಸ್ತಕ, ಗುಜರಿ ಅಂಗಡಿಯಿಂದ ಕೇಳಿ ತಂದ ಒಂದು ತೂಕದ ಯಂತ್ರ, ಒಂದು ಅಳತೆ ಟೇಪ್ ಇದ್ದರೆ ಆಯಿತು. ಮೂರು ವಿಷಯ ಬರೆಯಬೇಕು: ಕರೆಂಟು, ನೀರು, ಕಸ.

ಕರೆಂಟಿಗೆ ಪ್ರತಿ ಸೋಮವಾರ ಬೆಳಿಗ್ಗೆ ಒಂದೇ ಹೊತ್ತಿಗೆ ಮೀಟರ್ ರೀಡಿಂಗ್ ಬರೆಯಿರಿ. ಮೆಸ್ಕಾಂ ಬಿಲ್ಲನ್ನು ಜೆರಾಕ್ಸ್ ಮಾಡಿ ಮಕ್ಕಳ ಕೈಗೆ ಕೊಡಿ. ನಿಗದಿತ ಶುಲ್ಕ ಯಾವುದು, ಯೂನಿಟ್ ದರ ಯಾವುದು, ತೆರಿಗೆ ಯಾವುದು ಅಂತ ಅವರೇ ಗೆರೆ ಎಳೆದು ಗುರುತಿಸಲಿ. ಆಮೇಲೆ ಈ ಕರೆಂಟು ಎಲ್ಲಿಂದ ಬಂತು ಅಂತ ಕೇಳಿ. ನಮ್ಮ ಜಿಲ್ಲೆಯಲ್ಲೇ ಎರಡು ದೊಡ್ಡ ಉತ್ತರಗಳಿವೆ. ಪಡುಬಿದ್ರಿ ಬಳಿಯ ಎಲ್ಲೂರಿನಲ್ಲಿ 1200 ಮೆಗಾವಾಟಿನ ಉಷ್ಣ ಸ್ಥಾವರ, ಅದಕ್ಕೆ ಕಲ್ಲಿದ್ದಲು ಹೊರದೇಶದಿಂದ ಹಡಗಿನಲ್ಲಿ ಬರುತ್ತದೆ. ಹೊಸಂಗಡಿಯಲ್ಲಿ ವಾರಾಹಿ ನದಿಯ ನೀರಿನಿಂದ 460 ಮೆಗಾವಾಟ್. ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕಿಲೋದಷ್ಟು ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಈ ಒಂದು ಅಂಕಿ ಮಕ್ಕಳಿಗೆ ಬಾಯಿಪಾಠ ಆಗಿರಲಿ.

ನೀರಿಗೆ ಮಾಡಿನ (ಛಾವಣಿಯ) ಲೆಕ್ಕ ಮಾಡಿಸಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. 200 ಚದರ ಮೀಟರಿನ ಹಂಚಿನ ಮಾಡು ಇದ್ದರೆ 8 ಲಕ್ಷ ಲೀಟರ್. ಸೋರಿ, ಚೆಲ್ಲಿ ಹೋದದ್ದು ಕಳೆದರೂ 6 ಲಕ್ಷಕ್ಕೆ ಮೋಸ ಇಲ್ಲ. ಹಾಗಾದರೆ ಏಪ್ರಿಲ್‌ನಲ್ಲಿ ಶಾಲೆಯ ಬಾವಿ ತಳ ಕಾಣುವುದು ಯಾಕೆ? ನಮ್ಮ ಮುರಕಲ್ಲಿನ ನೆಲ ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ತಗ್ಗಿಗೆ ಬಿಟ್ಟುಕೊಡುತ್ತದೆ. ಹಿಂದಿನವರು ಮದಕ (ನೀರು ನಿಲ್ಲಿಸುವ ಕೆರೆ) ತೋಡಿದ್ದು, ಮಳೆ ನಿಂತ ಮೇಲೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡ ಕಟ್ಟ ಕಟ್ಟುತ್ತಿದ್ದದ್ದು ಇದಕ್ಕೇ. ಊರಲ್ಲಿ ಕಟ್ಟ ಕಟ್ಟಿ ಗೊತ್ತಿರುವ ಹಿರಿಯರೊಬ್ಬರನ್ನು ಶಾಲೆಗೆ ಕರೆಸಿ. ಪಠ್ಯಪುಸ್ತಕ ಒಂದು ತಿಂಗಳಲ್ಲಿ ಕಲಿಸದ್ದನ್ನು ಅವರು ಒಂದು ಗಂಟೆಯಲ್ಲಿ ಕಲಿಸುತ್ತಾರೆ.

ಕಸವನ್ನು ವಾರಕ್ಕೊಮ್ಮೆ ತೂಗಿ. ಬಿಸಿಯೂಟದಲ್ಲಿ ಉಳಿದ ಅನ್ನ ಬೇರೆ, ಕಾಗದ ಬೇರೆ, ಪ್ಲಾಸ್ಟಿಕ್ ಬೇರೆ. ಕೈಗವಸು ಮರೆಯಬೇಡಿ.

3. ಅಳತೆಯನ್ನು ರೂಪಾಯಿಗೆ ತನ್ನಿ

ಇಲ್ಲಿ ಒಂದು ಫ್ಯಾನ್ ಸಾಕು. ಹಳೆಯ ಫ್ಯಾನ್ ಸುಮಾರು 75 ವಾಟ್ ತಿನ್ನುತ್ತದೆ, ಹೊಸ ಬಿ.ಎಲ್.ಡಿ.ಸಿ. ಫ್ಯಾನ್ ಸುಮಾರು 30. ಉಳಿತಾಯ 45 ವಾಟ್. ಸಾವಿರ ವಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. ದಿನಕ್ಕೆ 7 ಗಂಟೆ, ವರ್ಷಕ್ಕೆ 220 ದಿನ ಓಡಿದರೆ ಒಂದು ಫ್ಯಾನಿಗೆ 69 ಯೂನಿಟ್ ಉಳಿಯಿತು. ಶಾಲೆಯಲ್ಲಿ 20 ಫ್ಯಾನ್ ಇದ್ದರೆ ಹೆಚ್ಚುಕಡಿಮೆ 1,386 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಇಟ್ಟುಕೊಳ್ಳಿ, ನಿಮ್ಮ ಬಿಲ್ಲಿನ ದರ ಬೇರೆ ಇದ್ದರೆ ಅದನ್ನೇ ಹಾಕಿ. ವರ್ಷಕ್ಕೆ 9,700 ರೂಪಾಯಿ.

ಈಗ ಮಕ್ಕಳು ಖುಷಿಯಿಂದ "ಎಲ್ಲಾ ಬದಲಾಯಿಸೋಣ ಟೀಚರ್" ಅನ್ನುತ್ತಾರೆ. ತಡೆಯಿರಿ. ಹೊಸ ಫ್ಯಾನಿಗೆ 3,000 ಅಂತ ಹಿಡಿದರೆ 20ಕ್ಕೆ 60,000. ಹಾಕಿದ ದುಡ್ಡು ವಾಪಸ್ ಬರಲು ಆರು ವರ್ಷದ ಮೇಲೆ ಬೇಕು. ಅದೇ ಹಳೆಯ ಫ್ಯಾನ್ ಸುಟ್ಟುಹೋದಾಗ, ಹೇಗೂ ಹೊಸದು ತರಲೇಬೇಕಾದಾಗ, ಸಾಧಾರಣ ಫ್ಯಾನಿನ ಬದಲು ಇದನ್ನು ತಂದರೆ? ಜಾಸ್ತಿ ಕೊಡುವುದು ಫ್ಯಾನಿಗೆ 1,500 ಮಾತ್ರ. ಮೂರು ವರ್ಷದಲ್ಲಿ ಬಂತು. ಒಂದೇ ವಸ್ತು, ಒಂದೇ ಉಳಿತಾಯ, ಆದರೆ ಯಾವಾಗ ಕೊಳ್ಳುತ್ತೇವೆ ಅನ್ನುವುದರ ಮೇಲೆ ಲೆಕ್ಕ ತಿರುಗುತ್ತದೆ. ಇದು ತಲೆಗೆ ಹೋದ ಮಗು ಮುಂದೆ ಪಂಚಾಯತ್ ಸದಸ್ಯೆ ಆದರೂ, ಫ್ಯಾಕ್ಟರಿ ಮ್ಯಾನೇಜರ್ ಆದರೂ ಕಣ್ಣು ಮುಚ್ಚಿ ಸಹಿ ಹಾಕುವುದಿಲ್ಲ.

ಮನೆಯ ಬಿಲ್ಲನ್ನೂ ತರಲು ಹೇಳಿ. ಪಿ.ಎಂ. ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾಯಿತು. ಮನೆಯ ಮಾಡಿಗೆ 3 ಕಿಲೋವಾಟ್ ಸೋಲಾರ್ ಹಾಕಿದರೆ 78,000 ರೂಪಾಯಿವರೆಗೆ ಸಹಾಯಧನ ಇದೆ. ಒಂದು ಕಿಲೋವಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ನಮ್ಮಲ್ಲಿ ಜೂನ್, ಜುಲೈ ತಿಂಗಳಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ. ಸರಿ, ಎಲ್ಲರೂ ಹಾಕಿಸಬಹುದಲ್ವಾ? ಆದರೆ 2023ರಿಂದ ಕರ್ನಾಟಕದಲ್ಲಿ ಗೃಹಜ್ಯೋತಿ ಇದೆ. ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ, 200 ಯೂನಿಟ್‌ವರೆಗೆ ಬಿಲ್ ಶೂನ್ಯ. ಬಿಲ್ಲೇ ಬಾರದ ಮನೆಗೆ ಸೋಲಾರ್ ಯಾಕೆ? ನಮ್ಮ ತರಗತಿಯಲ್ಲಿ ಇದೇ ವಿಷಯಕ್ಕೆ ಎರಡು ಪೀರಿಯಡ್ ವಾದ ನಡೆಯಿತು. ಆ ಶೂನ್ಯ ಬಿಲ್ಲಿನ ಹಣವನ್ನು ಸರ್ಕಾರ ಕಟ್ಟುತ್ತದೆ, ಸರ್ಕಾರಕ್ಕೆ ನಾವು ಕಟ್ಟುತ್ತೇವೆ ಅಂತ ಒಬ್ಬ. ನಮ್ಮ ಅಮ್ಮನಿಗೆ ತಿಂಗಳಿಗೆ ಉಳಿಯುವ ಆ ದುಡ್ಡು ದೊಡ್ಡದು ಟೀಚರ್ ಅಂತ ಇನ್ನೊಬ್ಬಳು. ಇಬ್ಬರೂ ಸರಿ. ಇಂಥ ಪ್ರಶ್ನೆಗೆ ನೀವು ಉತ್ತರ ಹೇಳಿ ಮುಗಿಸಬೇಡಿ. ಯಾರಿಗೆ ಲಾಭ, ಯಾರು ಕಟ್ಟುತ್ತಾರೆ ಅಂತ ಎರಡು ಸಾಲು ಬರೆಸಿ, ಪುಸ್ತಕ ಮುಚ್ಚಿಸಿ.

4. ಗೇಟಿನ ಹೊರಗೆ ಕರೆದುಕೊಂಡು ಹೋಗಿ

ಮೂರು ಕಡೆ ಸಾಕು. ಪ್ರವಾಸದ ಬಸ್ಸಿನ ಹಾಗೆ ಹತ್ತು ಕಡೆ ಇಳಿಸಿ ಹತ್ತಿಸಬೇಡಿ.

ಒಂದು, ಮಲ್ಪೆ ಬಂದರು. ಬೆಳಿಗ್ಗೆ ಬೋಟು ಬರುವ ಹೊತ್ತಿಗೆ ಹೋಗಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಟ್ಟು ಮರಿ ಮಾಡಲಿ ಅಂತ. ನಾಳೆಯ ಬಂಗುಡೆಗಾಗಿ ಇವತ್ತಿನ ಬಲೆ ಒಣಗಿಸಿಡುವುದು ನಮ್ಮ ಮಕ್ಕಳಿಗೆ ಹುಟ್ಟಿನಿಂದ ಗೊತ್ತಿರುವ ವಿಷಯ. ಅದರ ಒಳಗಿನ ಪ್ರಶ್ನೆಗಳನ್ನು ಮಾತ್ರ ಕೇಳಿಸಬೇಕು. ಆ 61 ದಿನ ಬೋಟಿನ ಸಾಲದ ಕಂತು ನಿಲ್ಲುತ್ತದಾ? ಬೋಟಿನಲ್ಲಿ ದುಡಿಯುವವರು ಎಲ್ಲಿ ಹೋಗುತ್ತಾರೆ? ಲೈಟ್ ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು, ಆದರೂ ಅದರ ಬಗ್ಗೆ ಜಗಳ ಯಾಕೆ ಇನ್ನೂ ಇದೆ? ದಕ್ಕೆಯಲ್ಲಿ ಕೆಲಸದಲ್ಲಿರುವವರನ್ನು ತಡೆದು ಕೇಳಬಾರದು. ಹರಾಜು ಮುಗಿದು ಚಾ ಕುಡಿಯುವಾಗ, "ಅಣ್ಣ, ಎರಡು ನಿಮಿಷ ಮಾತಾಡಬಹುದಾ?" ಅಂತ ಕೇಳಿ ಕೂರಬೇಕು. ಈ ಒಂದು ಅಭ್ಯಾಸ ನಾಯಕತ್ವದ ಅರ್ಧ ಪಾಠ ಅಂತ ನಾನು ನಂಬಿದ್ದೇನೆ.

ಎರಡು, ಕಸ ಬೇರ್ಪಡಿಸುವ ಜಾಗ. ಕುಂದಾಪುರ ತಾಲೂಕಿನ ವಂಡ್ಸೆ ಪಂಚಾಯತ್‌ನ ಎಸ್.ಎಲ್.ಆರ್.ಎಂ. (ಘನ-ದ್ರವ ಸಂಪನ್ಮೂಲ ನಿರ್ವಹಣೆ) ಘಟಕ, ಕಾರ್ಕಳ ತಾಲೂಕಿನ ನಿಟ್ಟೆಯ ಎಂ.ಆರ್.ಎಫ್. (ಒಣಕಸ ವಿಂಗಡಿಸುವ) ಘಟಕ, ಇಲ್ಲವೇ ನಿಮ್ಮದೇ ಪಂಚಾಯತ್‌ನ ಚಿಕ್ಕ ಶೆಡ್. ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿ.ಡಿ.ಒ.) ಅವರಿಗೆ ಒಂದು ಪತ್ರ ಬರೆದು ಅನುಮತಿ ತೆಗೆದುಕೊಳ್ಳಿ, ಪತ್ರವನ್ನು ಮಕ್ಕಳೇ ಬರೆಯಲಿ. ಅಲ್ಲಿ ಕೆಲಸ ಮಾಡುವ ಅಕ್ಕಂದಿರು ಹಾಲಿನ ಪ್ಯಾಕೆಟ್, ಬಿಸ್ಕೆಟ್ ಹೊದಿಕೆ, ಬಾಟಲಿ ಒಂದೊಂದನ್ನೂ ಕೈಯಲ್ಲಿ ಮುಟ್ಟಿ ಹೇಳುತ್ತಾರೆ, ಇದಕ್ಕೆ ಬೆಲೆ ಇದೆ, ಇದಕ್ಕೆ ಇಲ್ಲ ಅಂತ. ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟಿಗೂ ಒದ್ದೆ ಪ್ಯಾಕೆಟ್ಟಿಗೂ ಇರುವ ವ್ಯತ್ಯಾಸವನ್ನು ಮಕ್ಕಳು ಮೂಗಿನಿಂದಲೇ ಕಲಿಯುತ್ತಾರೆ. ಬೇರೆ ಮಾಡದೆ ಒಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರದ ಕಡೆ ಇಳಿಯಿತು. ಅಡಿಕೆ, ತೆಂಗಿನ ತೋಟಗಳು ಅದರಡಿ ಹೂತುಹೋದವು, ಜನ ಮನೆ ಬಿಡಬೇಕಾಯಿತು. ಆ ಗುಡ್ಡದಲ್ಲಿ ನಮ್ಮೆಲ್ಲರ ಪೇಟೆ ವ್ಯಾಪಾರದ ಪಾಲೂ ಇತ್ತು.

ಮೂರನೆಯದು ಶಂಕರಪುರ ಕಡೆಯ ಮಲ್ಲಿಗೆ ಅಂಗಳ. ಬಾಳೆನಾರಿನಲ್ಲಿ ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ ಮಾರುವ ಹೂವು. ಸಣ್ಣ ಹಿತ್ತಲು, ಮನೆಯ ಹೆಂಗಸರ ಕೈಗೆ ದಿನಾ ಬರುವ ದುಡ್ಡು. ಮಟ್ಟುಗುಳ್ಳ ಬದನೆಯ ಹಾಗೆ ಉಡುಪಿ ಮಲ್ಲಿಗೆಗೂ ಊರಿನ ಹೆಸರಿಗೇ ಸಿಗುವ ಭೌಗೋಳಿಕ ಸೂಚಕದ (ಜಿ.ಐ.) ಮಾನ್ಯತೆ ಇದೆ. ನಮ್ಮ ಊರಿನ ಹಸಿರು ಉದ್ಯಮ ಅಂದರೆ ಮಕ್ಕಳಿಗೆ ಮೊದಲು ಇದೇ ನೆನಪಾಗಬೇಕು.

5. ನಿಜವಾದ ದುಡ್ಡಿನ ಒಂದು ಚಿಕ್ಕ ಉದ್ಯಮ

ಎಲ್ಲಕ್ಕಿಂತ ಜಾಸ್ತಿ ಸಮಯ ಇದಕ್ಕೆ ಕೊಡಿ. ನಮ್ಮ ಮಕ್ಕಳು ಮಾಡಿದ್ದು ಲೋಟದ ಬ್ಯಾಂಕ್, ಅಂದರೆ ಊರಿನ ಕಾರ್ಯಕ್ರಮಗಳಿಗೆ ಸ್ಟೀಲ್ ಲೋಟ ಬಾಡಿಗೆಗೆ ಕೊಡುವುದು.

ಅದು ಹುಟ್ಟಿದ್ದು ಎಣಿಕೆಯಿಂದ. ಊರಿನ ದೇವಸ್ಥಾನದ ಒಂದು ಬ್ರಹ್ಮಕಲಶ ಉತ್ಸವದ ಮರುದಿನ ನಾಲ್ಕು ಮಕ್ಕಳು ಗೋಣಿ ಹಿಡಿದು ಹೋಗಿ ಕಸ ಬೇರೆ ಮಾಡಿದರು. ಊಟ ಬಾಳೆ ಎಲೆಯಲ್ಲಿ ಆಗಿತ್ತು. ಎಲೆಯೆಲ್ಲ ಗೊಬ್ಬರದ ಗುಂಡಿಗೆ ಹೋಯಿತು, ಅದರ ತೊಂದರೆ ಇಲ್ಲ. ಉಳಿದದ್ದು ಬರೀ ಲೋಟ. ನೀರಿಗೊಂದು, ಪಾಯಸಕ್ಕೊಂದು, ಶರಬತ್ತಿಗೊಂದು. ಒಬ್ಬೊಬ್ಬರಿಗೆ ಮೂರು. ‘ಪೇಪರ್ ಲೋಟ ಅಲ್ವಾ, ಕರಗುತ್ತದೆ’ ಅಂತ ದೊಡ್ಡವರು ಹೇಳಿದರು. ಒಬ್ಬ ಹುಡುಗ ಒಂದು ಲೋಟವನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟು, ಬೆಳಿಗ್ಗೆ ಕಾಗದವನ್ನು ಉಜ್ಜಿ ತೆಗೆದು, ಒಳಗಿನ ತೆಳು ಪ್ಲಾಸ್ಟಿಕ್ ಪದರವನ್ನು ಉಗುರಿನಿಂದ ಎಬ್ಬಿಸಿ ತಂದ. ಹಾವಿನ ಪೊರೆಯ ಹಾಗೆ ಬೆಳಕಿಗೆ ಹಿಡಿದು ತೋರಿಸಿದ. ಅಲ್ಲಿಗೆ ತಟ್ಟೆ ಬೇಡ, ಮೊದಲು ಲೋಟ ಅಂತ ತೀರ್ಮಾನ ಆಯಿತು.

ಬಂಡವಾಳ ಎಲ್ಲಿಂದ? 300 ಸ್ಟೀಲ್ ಲೋಟ, ಒಂದಕ್ಕೆ 40 ರೂಪಾಯಿ ಅಂದರೆ 12,000. ದಾನಿಗಳನ್ನು ಕೇಳಿದರೆ ಸಿಗುತ್ತಿತ್ತೇನೋ. ಆದರೆ ದಾನದ ದುಡ್ಡಿಗೆ ಲೆಕ್ಕ ಕಲಿಯುವ ಗರಜು ಇರುವುದಿಲ್ಲ. ನಮ್ಮ ಉಡುಪಿಯಲ್ಲೇ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತ್ತು. ದಿನಕ್ಕೆ ಎರಡಾಣೆ, ಮನೆ ಬಾಗಿಲಲ್ಲಿ ವಸೂಲಿ. ಅದೇ ದಾರಿ ಹಿಡಿದೆವು. 40 ಜನ, ದಿನಕ್ಕೆ 2 ರೂಪಾಯಿ, 150 ಶಾಲಾ ದಿನ. ಸರಿಯಾಗಿ 12,000. ಇದರಲ್ಲಿ ಶಿಕ್ಷಕರೂ ಸೇರಿದ್ದೆವು. ಒಂದು ಎಚ್ಚರಿಕೆ: ಹಣ ಕೊಡಲೇಬೇಕು ಅಂತ ಮಾಡಬೇಡಿ. ಕೊಡಲಾಗದ ಮಗು ವಾರಕ್ಕೆ ಅರ್ಧ ಗಂಟೆ ಲೆಕ್ಕ ಬರೆದರೆ ಅದೂ ಪಾಲೇ. ಪುಸ್ತಕದಲ್ಲಿ ಎಲ್ಲರ ಹೆಸರೂ ಒಂದೇ ಸಾಲಿನಲ್ಲಿ ಇರಲಿ.

ಬಾಡಿಗೆ ಲೋಟಕ್ಕೆ 2 ರೂಪಾಯಿ. 300 ಲೋಟ ಹೋದರೆ 600 ಬಂತು. ತೊಳೆಯುವವರಿಗೆ 300 ಕೂಲಿ, ಸೋಪು ಮತ್ತು ರಿಕ್ಷಾಕ್ಕೆ 100, ಉಳಿದದ್ದು 200. ಮಕ್ಕಳೇ ತೊಳೆದರೆ 300 ಉಳಿಯುತ್ತದಲ್ಲ ಅಂತ ಸಭೆಯಲ್ಲಿ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಕೂಲಿ ಇಲ್ಲದ ದುಡಿಮೆಯನ್ನು ಲಾಭ ಅಂತ ಬರೆಯಲು ಮಕ್ಕಳಿಗೆ ಕಲಿಸಬಾರದು.

ಹಾಗಾದರೆ 12,000 ವಾಪಸ್ ಬರಲು 60 ಕಾರ್ಯಕ್ರಮ ಬೇಕು. ನಮ್ಮಲ್ಲಿ ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆವರೆಗೆ ಭೂತಕೋಲ, ಯಕ್ಷಗಾನ ಆಟ, ಮದುವೆ, ಮೆಹೆಂದಿ. ಪತ್ತನಾಜೆಯ ನಂತರ ಗೆಜ್ಜೆ ಬಿಚ್ಚಿದ ಮೇಲೆ ಊರು ತಣ್ಣಗೆ. ಅಂದರೆ ಸೀಸನ್ ಏಳು ತಿಂಗಳು. ತಿಂಗಳಿಗೆ ನಾಲ್ಕು ಸಿಕ್ಕಿದರೆ ವರ್ಷಕ್ಕೆ 28. ಮೂರನೇ ಸೀಸನ್ನಿನಲ್ಲಿ ಅಸಲು ಮುಟ್ಟುತ್ತದೆ. ಎಂಟನೇ ತರಗತಿಯಲ್ಲಿ ದುಡ್ಡು ಹಾಕಿದವರು ಹತ್ತನೇ ತರಗತಿಯಲ್ಲಿ ವಾಪಸ್ ಪಡೆಯುತ್ತಾರೆ. ಇದನ್ನು ಶುರುವಿನಲ್ಲೇ ಬೋರ್ಡಿನ ಮೇಲೆ ಬರೆದು ಎಲ್ಲರ ಒಪ್ಪಿಗೆ ತೆಗೆದುಕೊಳ್ಳಿ.

ಮೊದಲ ಸೀಸನ್ನಿನಲ್ಲಿ ನಮಗೆ 23 ಲೋಟ ವಾಪಸ್ ಬರಲಿಲ್ಲ. ಮುಂಗಡ ಠೇವಣಿ ಇಟ್ಟುಕೊಂಡಿರಲಿಲ್ಲ, ಊರಿನವರ ಹತ್ತಿರ ಕೇಳುವುದು ಹೇಗೆ ಅಂತ ಸಂಕೋಚ. ಎರಡನೇ ವರ್ಷದಿಂದ 1,000 ರೂಪಾಯಿ ಠೇವಣಿ, ಕೊಡುವಾಗ ಮತ್ತು ತರುವಾಗ ಇಬ್ಬರು ಎಣಿಸಿ ಸಹಿ. ನಿಯಮ ಮಾಡಿದ್ದು, ಕಾಗದ ಬರೆದದ್ದು ಮಕ್ಕಳು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಲೋಟ ಒಣಗಿಸಿ, ಎಣಿಸಿ, ಲೆಕ್ಕ ಮುಗಿಸುತ್ತೇವೆ.

ನಿಮ್ಮ ಊರಿಗೆ ಲೋಟವೇ ಆಗಬೇಕು ಅಂತಿಲ್ಲ. ಅಡಿಕೆ ತೋಟ ಜಾಸ್ತಿ ಇದ್ದರೆ ಹಾಳೆ ಸಂಗ್ರಹ, ಪೇಟೆಯಾದರೆ ಹಳೆಯ ಸಮವಸ್ತ್ರ ಮತ್ತು ಪುಸ್ತಕದ ಮರುಮಾರಾಟ.

6. ಲೆಕ್ಕ ಹಿಡಿದು ಪಂಚಾಯತ್‌ಗೆ

ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಕುಂದಾಪುರ ತಾಲೂಕಿನಲ್ಲಂತೂ 1990ರ ದಶಕದಲ್ಲೇ ಮಕ್ಕಳ ಪಂಚಾಯತ್ ಪ್ರಯೋಗ ನಡೆದಿತ್ತು. ಸಾಮಾನ್ಯವಾಗಿ ಮಕ್ಕಳು ಅಲ್ಲಿ "ಆಟದ ಮೈದಾನ ಬೇಕು, ರಸ್ತೆ ಬೇಕು" ಅಂತ ಓದಿ ಕೂರುತ್ತಾರೆ. ನಿಮ್ಮ ತಂಡ ಒಂದೇ ಬೇಡಿಕೆ ಇಡಲಿ, ಅದಕ್ಕೆ ಮೂರು ಅಂಕಿ ಇರಲಿ: ಈಗ ಎಷ್ಟು ಖರ್ಚು, ಬದಲಾಯಿಸಲು ಎಷ್ಟು, ಎಷ್ಟು ವರ್ಷದಲ್ಲಿ ವಾಪಸ್. ಮೂರು ನಿಮಿಷಕ್ಕಿಂತ ಜಾಸ್ತಿ ಬೇಡ. ಮೊದಲೇ ತರಗತಿಯಲ್ಲಿ ಅಭ್ಯಾಸ ಮಾಡಿಸಿ, ಉಳಿದವರು ಸದಸ್ಯರ ಹಾಗೆ ಅಡ್ಡ ಪ್ರಶ್ನೆ ಹಾಕಲಿ. "ಮಕ್ಕಳೇ, ನೀವು ಓದಿನ ಕಡೆ ಗಮನ ಕೊಡಿ" ಅಂತ ಹೇಳುವವರು ಸಿಗುತ್ತಾರೆ. ಆಗ ಏನು ಹೇಳಬೇಕು ಅನ್ನುವುದನ್ನೂ ಅಭ್ಯಾಸ ಮಾಡಿಸಿ. ನಮ್ಮ ಹುಡುಗಿ ಹೇಳಿದ್ದು ಇಷ್ಟು: "ಇದು ನಮ್ಮ ಗಣಿತದ ಲೆಕ್ಕವೇ ಸರ್. ತಪ್ಪಿದ್ದರೆ ತಿದ್ದಿ ಕೊಡಿ."

7. ಮುಂದೆ ಏನು ಓದಬೇಕು ಅಂತ ಕೇಳಿದರೆ

ಹಸಿರು ಕೆಲಸ ಅಂದರೆ ಪರಿಸರ ಎಂಜಿನಿಯರಿಂಗ್ ಒಂದೇ ಅಲ್ಲ. ಐ.ಟಿ.ಐ. ಎಲೆಕ್ಟ್ರಿಷಿಯನ್ ಓದಿದವರು ಸೋಲಾರ್ ಅಳವಡಿಸುತ್ತಾರೆ. ಬಿ.ಕಾಂ. ಓದಿದವರು ಅದಕ್ಕೆ ಸಾಲ ಕೊಡುವ ಬ್ಯಾಂಕಿನಲ್ಲಿ ಕೂರುತ್ತಾರೆ, ಆ ಕುರ್ಚಿ ಬಹಳ ಮುಖ್ಯ. ಹರೀಶ್ ಹಂದೆ ಅವರು 1995ರಲ್ಲಿ ಸೆಲ್ಕೋ ಸ್ಥಾಪಿಸಿ ಬಡವರ ಮನೆಗೆ ಸೋಲಾರ್ ದೀಪ ಮುಟ್ಟಿಸಿದ್ದರ ಹಿಂದೆ ತಂತ್ರಜ್ಞಾನದಷ್ಟೇ ಕಂತಿನ ಲೆಕ್ಕವೂ ಇತ್ತು. ಬೀದಿ ಬದಿ ವ್ಯಾಪಾರಿಗೆ ದಿನದ ದುಡಿಮೆಯಲ್ಲಿ ಎಷ್ಟು ಕಟ್ಟಲು ಆಗುತ್ತದೆ ಅಂತ ಕೂತು ಕೇಳಿದರು. 2011ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಕಾಲೇಜು ಬಿಟ್ಟು ಸ್ವಂತ ಕೆಲಸ ಮಾಡುವವರಿಗೆ ಉಜಿರೆಯಲ್ಲಿ 1982ರಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಇದೆ. ಇನ್ನು ಶಾಲೆ ಕಲಿಯದ ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಮಾಡಿದರು, 2022ರಲ್ಲಿ ಪದ್ಮಶ್ರೀ ಪಡೆದರು. ಮಕ್ಕಳಿಗೆ ಹಂದೆ, ನಾಯ್ಕ ಇಬ್ಬರ ಕಥೆಯನ್ನೂ ಒಟ್ಟಿಗೆ ಹೇಳಿ.

8. ಪುಸ್ತಕ ದಾಟಿಸುವುದು

ಶಿಕ್ಷಕರಿಗೆ ವರ್ಗ ಆಗುತ್ತದೆ, ಮಕ್ಕಳು ಪಾಸಾಗಿ ಹೋಗುತ್ತಾರೆ, ಅಲ್ಲಿಗೆ ಕೆಲಸ ನಿಲ್ಲುತ್ತದೆ. ಇದನ್ನು ಬಹಳ ಶಾಲೆಗಳಲ್ಲಿ ನೋಡಿದ್ದೇನೆ. ಅದಕ್ಕೇ ಫೆಬ್ರವರಿಯಲ್ಲೇ ಎಂಟನೇ ತರಗತಿಯ ಐದು ಮಕ್ಕಳನ್ನು ಸೇರಿಸಿಕೊಳ್ಳಿ. ಅವರಿಗೆ ಮೀಟರ್ ಓದಲು ಕಲಿಸುವುದು ಒಂಬತ್ತನೆಯವರ ಕೆಲಸ, ನಿಮ್ಮದಲ್ಲ. ಲೋಟದ ಕಪಾಟಿನ ಕೀ ಇಬ್ಬರ ಹತ್ತಿರ ಇರಲಿ, ಒಂದು ಮಗು, ಒಬ್ಬರು ಶಿಕ್ಷಕರು. ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಹೋಗುವವರು ಮೂರು ವಿಷಯ ಬರೆದು ಸಹಿ ಮಾಡಬೇಕು: ಬಾಕಿ ಎಷ್ಟು, ಯಾರಿಂದ ಬರಬೇಕು, ನಾವು ಮಾಡಿದ ತಪ್ಪು ಯಾವುದು. ಶಾಲೆ ಪುನಃ ಶುರುವಾಗುವ ದಿನ ಹೊಸ ತಂಡ ಅದನ್ನು ಗಟ್ಟಿಯಾಗಿ ಓದಿ, ಮೀಟರ್ ಹತ್ತಿರ ಹೋಗಿ ಮೊದಲ ರೀಡಿಂಗ್ ಬರೆಯುತ್ತದೆ. ಜೂನ್ 5ಕ್ಕೆ ಗಿಡವನ್ನೂ ನೆಡುತ್ತೇವೆ. ಈಗ ಹತ್ತೇ ನೆಡುವುದು. ಒಂದೊಂದಕ್ಕೂ ನಂಬರ್ ಇದೆ, ನೀರು ಹಾಕುವವರ ಹೆಸರಿದೆ.